ಅವ್ವನಿಗೆ ಕಳಿಸಿದ ಮುಖ

ನಾನು ನಶ್ಯ ಏರಿಸುತ್ತೇನೆ. ಮುಚ್ಚಿಡುವುದಕ್ಕೇನೂ ಇಲ್ಲ, ನನ್ನ ಸೀನು ಬೀದಿಯ ಆ ಕೊನೆಗೂ ಕೇಳಿಸುತ್ತದೆ. ಮೊನ್ನೆ ಮೊಮ್ಮಗಳು ಸರೋಜ ನನ್ನ ನಶ್ಯದ ಡಬ್ಬಿಯನ್ನು ಬೆಳಕಿಗೆ ಹಿಡಿದು, ಇದು ನಶ್ಯದ್ದಲ್ಲ ಅಜ್ಜಿ, ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಏನೋ ಒತ್ತಿದ್ದಾರೆ ಎಂದಳು. ಹೈಸ್ಕೂಲು ಓದಿದವಳು, ಅವಳಿಗೆ ಎಲ್ಲದಕ್ಕೂ ಒಂದು ಹೆಸರು ಬೇಕು. ಅದು ಫಿಲ್ಮು ಬಂದಿದ್ದ ತಗಡಿನ ಡಬ್ಬಿ ಕಣೆ ಅಂದೆ. ನಂಬಲಿಲ್ಲ. ಅವಳ ಲೆಕ್ಕದಲ್ಲಿ ನಮ್ಮ ಕಾಲದ ಜನ ರಾಗಿ ಬೀಸಿಕೊಂಡು, ಬೀಸಿದ್ದನ್ನು ಉಂಡುಕೊಂಡು, ಉಂಡದ್ದನ್ನು ಮರೆತುಕೊಂಡು ಇದ್ದರು. ಮುಕ್ಕಾಲು ಪಾಲು ನಿಜವೇ. ಉಳಿದ ಕಾಲು ಪಾಲಿನಲ್ಲಿ ಫಿಲ್ಮೂ ಇತ್ತು.

ನನ್ನ ತವರು ತಿರುಮಕೂಡಲು ನರಸೀಪುರ. ಕೊಟ್ಟದ್ದು ನಂಜನಗೂಡಿಗೆ. ನಮ್ಮ ಯಜಮಾನರು ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು, ಮೂಟೆ ಎಣಿಸಿ ಚೀಟಿ ಬರೆಯುವ ಕೆಲಸ. ಮನೆಯಲ್ಲಿ ಬೇಸಾಯವಿತ್ತು. ಮಾವನವರಿಗೆ ಮಗನ ಗುಮಾಸ್ತಿಕೆಯ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಬೆಳೆಯೋನು ಒಬ್ಬ, ತಿನ್ನೋನು ಒಬ್ಬ, ನಡುವೆ ನಿಂತು ಎಣಿಸೋನು ಇವನೊಬ್ಬ ಅನ್ನುತ್ತಿದ್ದರು. ಆ ಕಾಲಕ್ಕೆ ನಾಲೆಯ ಕೆಲಸ ನೋಡಲು ಬಂದಿದ್ದ ಒಬ್ಬ ದೊರೆ ತನ್ನ ಸೀಮೆಗೆ ವಾಪಸು ಹೊರಟ. ಅವನ ಮನೆಯ ಪಿಂಗಾಣಿಯನ್ನೆಲ್ಲ ಯಜಮಾನರು ಹುಲ್ಲು ತುಂಬಿ ಎಷ್ಟು ಜೋಪಾನವಾಗಿ ಕಟ್ಟಿಸಿದರೆಂದರೆ, ದೊರೆಸಾನಿ ಮೆಚ್ಚಿ ತನ್ನ ಹಳೆಯ ಕ್ಯಾಮೆರಾ ಕೊಟ್ಟುಹೋದಳು. ಕರಿಯ ಪೆಟ್ಟಿಗೆ, ಮುಂದೊಂದು ಕಣ್ಣು, ಮಗ್ಗುಲಲ್ಲೊಂದು ತಿರುಪು. ಮನೆಗೆ ತಂದ ದಿನವೇ ಅತ್ತೆ ಅದನ್ನು ತೆರೆದು, ಖಾನೆ ಚೆನ್ನಾಗಿದೆ ಎಂದು ಒಳಗೆ ಅಡಿಕೆ ತುಂಬಿಟ್ಟರು. ಬಹಳ ದಿನ ನಮ್ಮ ಯಜಮಾನರ ಕ್ಯಾಮೆರಾ ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು, ಎಲ್ಲೋ ಒಂದು ಚೂರು ಅಡಿಕೆ ಸಂದಿಯಲ್ಲಿ ಸಿಕ್ಕಿಕೊಂಡು.

ಪೆಟ್ಟಿಗೆ ಪುಕ್ಕಟೆ ಬಂತು, ಅದರ ಮೇವು ಪುಕ್ಕಟೆ ಬರಲಿಲ್ಲ. ಫಿಲ್ಮು ಬೇಕೆಂದರೆ ಮೈಸೂರಿಗೆ ಹೋಗಬೇಕು. ಮೊದಲ ಸಲ ಮಾವನವರೂ ಜೊತೆಗೆ ಹೋದರು, ಮಗ ಮೋಸಹೋಗುತ್ತಾನೆ ಎಂದು. ಅಂಗಡಿಯವನು ಡಬ್ಬಿಗಳನ್ನು ಮುಂದಿಟ್ಟಾಗ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ತೆಂಗಿನಕಾಯಿ ಆರಿಸುವ ಹಾಗೆ ಆರಿಸಿದರಂತೆ. ಅಂಗಡಿಯವನು ಎರಡು ಜಾತಿ ಇದೆ ಎಂದು ಹೇಳಿದ. ಒಂದು ಮಾಮೂಲಿನದು. ಇನ್ನೊಂದು ಹೊಸದಾಗಿ ಬಂದಿರುವುದು, ಅದಕ್ಕೆ ಬಣ್ಣಗಳ ತಿಳಿವಳಿಕೆ ಸ್ವಲ್ಪ ಹೆಚ್ಚು, ಬೆಲೆಯೂ ಹೆಚ್ಚು. ನಮ್ಮ ಯಜಮಾನರು ಯೋಚಿಸಿದರು. ಕೊನೆಗೆ ಬರುವುದು ಕಪ್ಪು ಬಿಳುಪು ತಾನೆ, ಬಣ್ಣ ತಿಳಿದ ಫಿಲ್ಮು ನಮಗೇಕೆ ಎಂದು ಮಾಮೂಲಿನದನ್ನೇ ತಂದರು. ಮಾವನವರು ಅವತ್ತು ಮಗನ ಬುದ್ಧಿಯನ್ನು ಮೊದಲ ಸಲ ಹೊಗಳಿದರು. ಕೊನೆಯ ಸಲವೂ ಅದೇ ಇರಬೇಕು.

ತಂದದ್ದನ್ನು ಇಡುವುದು ಇನ್ನೊಂದು ಪಾಡು. ಫಿಲ್ಮಿಗೆ ಬಿಸಿಲು ಆಗದು, ಸೆಕೆ ಆಗದು, ತೇವ ಆಗದು. ನಮ್ಮ ಮನೆ ಕಪಿಲಾ ನದಿಗೆ ಹತ್ತಿರ, ಮಳೆಗಾಲದಲ್ಲಿ ಉಪ್ಪಿನ ಮಡಕೆ ತಾನೇ ಅಳುತ್ತಿತ್ತು. ಬೇಸಿಗೆಯಲ್ಲಿ ಹಂಚಿನ ಕೆಳಗೆ ಕೂತರೆ ನಾವೇ ಕರಗುತ್ತಿದ್ದೆವು. ಯಜಮಾನರು ಯಾರನ್ನೋ ಕೇಳಿ ಬಂದು, ಅಕ್ಕಿ ಹುರಿದು ಮಣ್ಣಿನ ಗುಡಾಣಕ್ಕೆ ತುಂಬಿ, ಅದರ ನಡುವೆ ಡಬ್ಬಿ ಹೂಳಿಡಬೇಕು, ಹುರಿದ ಅಕ್ಕಿ ತೇವವನ್ನೆಲ್ಲ ಕುಡಿಯುತ್ತದೆ ಎಂದರು. ಕುಡಿದು ಮೆತ್ತಗಾದ ಅಕ್ಕಿಯನ್ನು ಮತ್ತೆ ಮತ್ತೆ ಹುರಿಯುವ ಕೆಲಸ ನನ್ನದು. ನಾನು ಬಾಣಲೆ ಇಟ್ಟಾಗಲೆಲ್ಲ ಅತ್ತೆ, ಆಯ್ತಾ ಪೆಟ್ಟಿಗೆ ದೇವರ ನೈವೇದ್ಯ ಎಂದು ಕೇಳುತ್ತಿದ್ದರು.

ಆ ಗುಡಾಣವನ್ನು ತಂಪಾಗಿರಲಿ ಎಂದು ಉಗ್ರಾಣದ ರಾಗಿ ವಾಡೆಗಳ ಸಂದಿಯಲ್ಲಿ ಇಟ್ಟೆವು. ಅಲ್ಲೇ ಹತ್ತಿರದಲ್ಲಿ ಯಜಮಾನರ ಅಜ್ಜಿಯ ಹಾಸಿಗೆ. ಅಜ್ಜಿಗೆ ಕಣ್ಣು ಮಂದ, ಕಿವಿ ಮಂದ, ಹಲ್ಲು ಮಾತ್ರ ಒಂದೂ ಅಲ್ಲಾಡಿರಲಿಲ್ಲ. ಗುಡಾಣದ ಅಕ್ಕಿ ಇಳಿಯುತ್ತಾ ಬಂತು. ಇಲಿ ಎಂದು ಬೋನು ಇಟ್ಟೆವು. ಬೆಕ್ಕು ತಂದೆವು. ಒಂದು ಮಧ್ಯಾಹ್ನ ನೋಡಿದರೆ ಅಜ್ಜಿ ಬೆಲ್ಲದ ಚೂರು ಕಚ್ಚಿಕೊಂಡು ಒಂದೊಂದೇ ಹಿಡಿ ಬಾಯಿಗೆ ಹಾಕುತ್ತ ಕೂತಿದ್ದಾರೆ, ಪಕ್ಕದಲ್ಲಿ ಎರಡು ಡಬ್ಬಿ ಬೆತ್ತಲೆ ಬಿದ್ದಿವೆ. ಮೊಮ್ಮಗ ಬೇಸರದಿಂದ, ಇದು ಫಿಲ್ಮಿನ ಅಕ್ಕಿ ಅಜ್ಜಿ ಎಂದರು. ಅಜ್ಜಿ ಶಾಂತವಾಗಿ, ಯಾರ್ದಾದ್ರೇನಪ್ಪ, ಅದ ಚೆನ್ನಾಗಿ ಹುರ್ದವ್ಳೆ ನಿನ್ನೆಂಡ್ರು ಎಂದರು. ಆ ಮನೆಯಲ್ಲಿ ನನ್ನ ಅಡಿಗೆಗೆ ಬಂದ ಮೊದಲ ಮೆಚ್ಚಿಗೆ ಅದು.

ತೆಗೆಯುವುದು, ತೊಳೆಯುವುದು ಎಲ್ಲಾ ಯಜಮಾನರೇ. ಉಗ್ರಾಣದ ಬಾಗಿಲು ಹಾಕಿದರೆ ಹಗಲಲ್ಲೂ ಕಗ್ಗತ್ತಲು. ಸ್ಟೇಷನ್ನಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕೈದೀಪ ಕೇಳಿ ತಂದಿದ್ದರು, ಕೆಂಪು ಗಾಜಿನದು, ರೈಲು ನಿಲ್ಲಿಸಲು ತೋರಿಸುವಂಥದು. ಆ ಕೆಂಪು ಬೆಳಕು ಫಿಲ್ಮಿಗೆ ಕಾಣುವುದಿಲ್ಲವಂತೆ, ಅದರಿಂದ ಅದರ ಮುಂದೆ ತೊಳೆಯಬಹುದಂತೆ. ನಾನು ಹೊರಗೆ ನಿಂತು ಬಾವಿಯ ತಣ್ಣೀರು, ಪಟಿಕ ಕದಡಿದ ನೀರು ಒದಗಿಸುತ್ತಿದ್ದೆ. ಪಟಿಕ ಹಾಕದಿದ್ದರೆ ನಮ್ಮ ಬೇಸಿಗೆಗೆ ಫಿಲ್ಮಿನ ಮೈ ಗಂಜಿಯ ಕೆನೆಯಂತೆ ಜಾರಿಹೋಗುತ್ತಿತ್ತು. ತೊಳೆದು ಹಗ್ಗಕ್ಕೆ ನೇತುಹಾಕಿದ ಮೇಲೆ ಇರುವೆ ಕಾಯಬೇಕು. ಫಿಲ್ಮಿನ ಮೇಲಿನ ಲೇಪ ಇರುವೆಗೆ ಪ್ರಾಣ. ಮಾವನವರ ಮೊದಲ ಪಟದಲ್ಲಿ ಇರುವೆಗಳು ಸರಿಯಾಗಿ ಮೀಸೆಯನ್ನೇ ತಿಂದುಬಿಟ್ಟಿದ್ದವು. ಒಂದು ಕಡೆಯದು ಪೂರ್ತಿ, ಇನ್ನೊಂದು ಕಡೆಯದು ಅರ್ಧ. ಮಾವನವರು ಪಟ ನೋಡಿ ಕನ್ನಡಿ ತರಿಸಿಕೊಂಡರು, ಕನ್ನಡಿ ನೋಡಿ ಮೀಸೆ ಮುಟ್ಟಿಕೊಂಡರು, ಆಮೇಲೆ ಮಗನನ್ನು ಹುಡುಕಿಕೊಂಡು ಹೋದರು.

ಇನ್ನು ನನ್ನ ತವರಿನ ವಿಷಯ. ನಗು ಬರುತ್ತದೆ, ಆದರೆ ಆಗ ಯಾರೂ ನಗಲಿಲ್ಲ. ನಮ್ಮಪ್ಪ ತನ್ನ ತೋಟದ ಬಾಳೆಗೊನೆ ಹೊತ್ತುಕೊಂಡು ಮಗಳನ್ನು ನೋಡಲು ನಂಜನಗೂಡಿಗೆ ಬಂದ. ನಂಜನಗೂಡಿಗೆ ಬಾಳೆಹಣ್ಣು. ಈ ಊರಿನ ರಸಬಾಳೆ ತಿಂದವರಿಗೆ ಬೇರೆ ಊರಿನದು ಹಣ್ಣೇ ಅಲ್ಲ, ಮಾವನವರಿಗಂತೂ ಅಲ್ಲವೇ ಅಲ್ಲ. ಒಂದು ಹಣ್ಣು ಸುಲಿದು ಬಾಯಿಗಿಟ್ಟರು. ಎದ್ದು ಹೋಗಿ ಇಡೀ ಗೊನೆಯನ್ನು ಹಸುವಿನ ಮುಂದೆ ಇಟ್ಟು ಬಂದು ಕೂತರು. ಜಗಲಿ ತುಂಬ ಜನರಿದ್ದರು. ಅಪ್ಪ ವಲ್ಲಿ ಕೊಡವಿಕೊಂಡು ಎದ್ದ. ನೀವಾಗಿ ತಪ್ಪಾಯಿತು ಅನ್ನುವವರೆಗೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದ. ಮಾವನವರು, ನೀವಾಗಿ ಬಂದು ಕೇಳುವವರೆಗೆ ಹುಡುಗಿಯನ್ನು ಕಳಿಸುವುದಿಲ್ಲ ಎಂದರು. ಹಸು ಮಾತ್ರ ಗೊನೆಯನ್ನು ದಂಟಿನ ಸಮೇತ ಮುಗಿಸಿತ್ತು.

ಅಲ್ಲಿಗೆ ಮುಗಿಯಿತು. ಗಂಡಸರ ಮಾತು, ಹೆಂಗಸರ ಬಾಳು. ಯುಗಾದಿ ಬಂತು, ಗೌರಿ ಹಬ್ಬ ಬಂತು, ಅವ್ವನ ಮನೆಯಿಂದ ಬಾಗಿನವಿಲ್ಲ, ಕರೆಯುವವರಿಲ್ಲ, ಕಳಿಸುವವರಿಲ್ಲ. ಮತ್ತೆ ಯುಗಾದಿ ಬಂತು. ಕಪಿಲೆ ನಮ್ಮ ಊರು ದಾಟಿ ಹರಿದು ನರಸೀಪುರದಲ್ಲೇ ಕಾವೇರಿಯನ್ನು ಸೇರುವುದು. ನಾನು ಇಲ್ಲಿ ಬಟ್ಟೆ ಒಗೆದ ನೀರು ಅವ್ವ ಕೊಡ ತುಂಬುವ ಕಡೆಗೆ ಹೋಗುತ್ತಿತ್ತು. ನನ್ನ ಸೀರೆಯ ಕೊಳೆಗೆ ತವರಿಗೆ ದಾರಿಯಿತ್ತು, ನನಗಿರಲಿಲ್ಲ. ನಾನು ಅಳುವ ಜಾತಿಯಲ್ಲ. ಅಳುವ ಬದಲು ಪಾತ್ರೆ ಕುಕ್ಕುತ್ತಿದ್ದೆ. ಮನೆಯ ತಾಮ್ರದ ತಂಬಿಗೆಗಳೆಲ್ಲ ತಗ್ಗುಬಿದ್ದದ್ದು ಆ ವರ್ಷಗಳಲ್ಲೇ.

ಯಜಮಾನರು ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಯಾರಿಗೂ ಕೇಳಿಸದ ಹಾಗೆ ಹೇಳಿದರು.

"ನಿನ್ನ ಕಳ್ಸಕ್ಕೆ ನಂಗೆ ಆಗ್ನಿಲ್ಲ. ನಿನ್ ಮುಖನಾರೂ ಕಳಿಸ್ತೀನಿ, ಬಾ."

ಸುರುಳಿಯಲ್ಲಿ ಒಂದೇ ಒಂದು ಪಟಕ್ಕೆ ಜಾಗ ಉಳಿದಿತ್ತು. ಮಿಕ್ಕದ್ದನ್ನೆಲ್ಲ ರೈಲಿನ ಇಂಜಿನ್ನಿಗೆ, ಸ್ಟೇಷನ್ ಮಾಸ್ತರರಿಗೆ, ಬಿಳಿಯ ಜೋಡಿ ಎತ್ತಿಗೆ ಖರ್ಚುಮಾಡಿದ್ದರು. ಅಲ್ಲಿಯ ತನಕ ಆ ಪೆಟ್ಟಿಗೆಯ ಮುಂದೆ ಒಂದು ಹೆಂಗಸು ನಿಂತದ್ದೇ ಇಲ್ಲ. ನಿಂತವರೆಲ್ಲ ಗಂಡಸರು, ಬಿಳಿ ಪಂಚೆ, ಕರಿ ಕೋಟು. ಈ ಮಾತು ನೆನಪಿರಲಿ.

ಮಾವನವರು ಗದ್ದೆಗೆ ಹೋದ ಹೊತ್ತು ನೋಡಿ ತಯಾರಾದೆ. ಅವ್ವ ಎಷ್ಟೋ ದಿನದ ಮೇಲೆ ನನ್ನನ್ನು ನೋಡುವುದು, ಸೊರಗಿದ್ದಾಳೆ ಅಂದುಕೊಳ್ಳಬಾರದು. ಅರಿಸಿನ ತೇದು ಮುಖಕ್ಕೂ ಕೈಗೂ ಬಳಿದುಕೊಂಡೆ. ಕನ್ನಡಿ ನೋಡಿಕೊಂಡೆ, ಸಾಲದು ಅನ್ನಿಸಿತು, ಇನ್ನೊಂದು ಸಲ ಬಳಿದುಕೊಂಡೆ. ತೊಳೆದರೂ ಹೋಗದ ಹಾಗೆ ಚಿನ್ನದ ಬಣ್ಣ ಹತ್ತಿತು. ನಮ್ಮ ಪದ್ಧತಿಯಂತೆ ವಿಭೂತಿ ಎಳೆದು, ಅದರ ನಡುವೆ ಕಾಸಿನಗಲ ಕುಂಕುಮ ಇಟ್ಟೆ. ಮುಡಿತುಂಬ ಕನಕಾಂಬರ, ಕೈತುಂಬ ಹಸಿರು ಬಳೆ. ಸೀರೆ ಅವ್ವನೇ ಕೊಡಿಸಿದ್ದು, ತಿಳಿ ಆಕಾಶ ನೀಲಿ, ಅಂಚೂ ನೀಲಿಯೇ. ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಹಿತ್ತಲಿನ ಬಿಸಿಲಲ್ಲಿ ನಿಂತೆ. ಉಸಿರು ಬಿಡಬೇಡ ಎಂದರು, ಬಿಡಲಿಲ್ಲ. ಆಯಿತು ಎಂದ ಮೇಲೂ ಬಿಡಲಿಲ್ಲ, ಮತ್ತೆಲ್ಲಿ ಕೆಡುತ್ತದೋ ಎಂದು. ಆ ಹೊತ್ತಿಗೆ ನಾನು ಬಹಳ ಚೆನ್ನಾಗಿ ಕಾಣುತ್ತಿದ್ದೆ ಎಂದು ನನಗೆ ಈಗಲೂ ನಂಬಿಕೆ.

ಫಿಲ್ಮು ತೊಳೆದಾದ ಮೇಲೆ ಅದನ್ನು ಕಾಗದದ ಮೇಲೆ ಇಟ್ಟು ಗಾಜಿನ ಚೌಕಟ್ಟಿನಲ್ಲಿ ಬಿಸಿಲಿಗೆ ಒಡ್ಡಬೇಕು, ಆಗ ಪಟ ಮೂಡುತ್ತದೆ. ಮಾಮೂಲಾಗಿ ಅದು ನಮ್ಮ ಹಿತ್ತಲಿನ ಬಿಸಿಲಲ್ಲಿ ಸಂಡಿಗೆಯ ಪಕ್ಕದಲ್ಲಿ ಒಣಗುತ್ತಿತ್ತು. ಇದು ಕದ್ದು ಮಾಡುವ ಕೆಲಸವಾದ್ದರಿಂದ ಯಜಮಾನರು ಸ್ಟೇಷನ್ನಿಗೇ ಒಯ್ದು ಅಲ್ಲಿ ಮೂಡಿಸಿ, ಅಲ್ಲಿಂದಲೇ ಕಳಿಸಿಬಿಟ್ಟರು. ನಾನು ನೋಡಲೇ ಇಲ್ಲ. ಹೇಗೆ ಬಂತು ಎಂದು ಕೇಳಿದ್ದಕ್ಕೆ ಅವರು ಸಂತೋಷದಿಂದ ಉಬ್ಬಿಹೋಗಿ, ಒಂದು ಕೂದಲೂ ಅಲುಗಾಡಿಲ್ಲ, ಸೀರೆಯ ನಿರಿಗೆಯನ್ನು ಎಣಿಸಬಹುದು ಎಂದರು. ಗಂಡಸರು ಹೆಂಡತಿಯ ಮುಖದಲ್ಲಿ ಏನಿದೆ ಎಂದು ನೋಡುವುದಿಲ್ಲ, ಮುಖ ಇದೆಯೋ ಇಲ್ಲವೋ ಎಂದು ನೋಡುತ್ತಾರೆ.

ಕಾಗದ ಬರೆಯಲಿಲ್ಲ. ನನ್ನ ತವರಿನಲ್ಲಿ ಓದುವವರಿರಲಿಲ್ಲ, ಯಾರಿಂದಲಾದರೂ ಓದಿಸೋಣವೆಂದರೆ ಅಪ್ಪ ಈ ಮನೆಯ ಕಾಗದ ಎಂದು ಹರಿದುಹಾಕಿಯಾನು. ನರಸೀಪುರಕ್ಕೆ ಬೆಲ್ಲ ಹೊಡೆಯುವ ಗಾಡಿ ನಿಂಗಯ್ಯನ ಕೈಗೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಮಗಳ ಪಟ ಎಂದು ಹೇಳಿ ನನ್ನವ್ವನಿಗೆ ಕೊಡಬೇಕೆಂದು ಯಜಮಾನರು ತಿಳಿಸಿದರು. ನಿಂಗಯ್ಯ ಎತ್ತುಗಳ ಜೊತೆ ಬಿಟ್ಟರೆ ಮನುಷ್ಯರ ಜೊತೆ ಮಾತಾಡಿದವನಲ್ಲ. ಹೇಳಿದ್ದನ್ನಷ್ಟೇ ಹೇಳಿ, ಕೊಟ್ಟು, ಗಾಡಿ ತಿರುಗಿಸಿದ.

ಆಮೇಲೆ ಒಂದು ಬೆಳಗ್ಗೆ. ಗೂಡ್ಸ್ ಗಾಡಿ ಇಲ್ಲದ ದಿನ, ಯಜಮಾನರು ಜಗಲಿಯ ಮೇಲೆ ಕ್ಷೌರಕ್ಕೆ ಕೂತಿದ್ದರು. ಮುಖದ ಒಂದು ಭಾಗ ಆಗಿತ್ತು, ಇನ್ನೊಂದು ಭಾಗಕ್ಕೆ ಸಾಬೂನಿನ ನೊರೆ ಹಚ್ಚಿತ್ತು. ಬೀದಿಯ ತಿರುವಿನಲ್ಲಿ ಎರಡು ಗಾಡಿ ನಿಂತವು. ಇಳಿದ ಹೆಂಗಸರು ಅಲ್ಲಿಂದಲೇ ಬಾಯಿ ಬಡಿದುಕೊಂಡು ಗೋಳೋ ಎಂದು ಅಳುತ್ತ ಬಂದರು. ಸಾವಿನ ಮನೆಗೆ ಬರುವವರು ಹಾಗೇ ಬರಬೇಕು, ಬೀದಿಯ ತಲೆಯಿಂದಲೇ ಸ್ವರ ಎತ್ತಬೇಕು. ಯಾರ ಮನೆಯಲ್ಲಿ ಸಾವು ಎಂದು ಕ್ಷೌರದವನು ಕತ್ತಿ ಹಿಡಿದುಕೊಂಡೇ ಎದ್ದು ನಿಂತ. ಯಜಮಾನರೂ ಎದ್ದು ದಾರಿ ಬಿಟ್ಟು ನಿಂತರು. ಆ ಗುಂಪು ಅವರನ್ನು ಸವರಿಕೊಂಡು ಸೀದಾ ನಮ್ಮ ಮನೆಯೊಳಗೆ ನುಗ್ಗಿತು.

ನಾನು ಅಡಿಗೆಮನೆಯಿಂದ ಹೊರಗೆ ಬರುತ್ತಿದ್ದೇನೆ, ನನ್ನವ್ವ. ಕಣ್ಣು ಮುಚ್ಚಿಕೊಂಡೇ ನನ್ನ ಕೊರಳು ತಬ್ಬಿಕೊಂಡಳು. ಅವಳ ಹಿಂದೆ ಚಿಕ್ಕಮ್ಮ, ಸೋದರತ್ತೆ, ಬಾಗಿಲಲ್ಲಿ ವಲ್ಲಿಯಿಂದ ಮುಖ ಮುಚ್ಚಿಕೊಂಡ ಅಪ್ಪ. ಅಪ್ಪ ಇದ್ದಾನೆ, ಅವ್ವ ಇದ್ದಾಳೆ, ಮತ್ತೆ ಹೋದವರು ಯಾರು ಎಂದು ನನ್ನ ತಲೆ ಓಡಲಿಲ್ಲ. ಯಾರು ಸತ್ತರೆಂದು ಗೊತ್ತಿಲ್ಲದೆ ನಾನೂ ಗಟ್ಟಿಯಾಗಿ ಅತ್ತೆ. ಎಷ್ಟೋ ದಿನ ಪಾತ್ರೆ ಕುಕ್ಕಿ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ನಮ್ಮತ್ತೆ ಬಂದರು, ಬೀಗಿತ್ತಿ ಅಳುತ್ತಿರುವುದನ್ನು ನೋಡಿ ಅವರೂ ಸೆರಗು ಬಾಯಿಗಿಟ್ಟುಕೊಂಡರು. ಅಜ್ಜಿ ಉಗ್ರಾಣದಿಂದಲೇ ಸೇರಿಕೊಂಡರು.

ಅವ್ವ ಹಾಡಿ ಅಳುವುದರಲ್ಲಿ ಊರಿಗೇ ಹೆಸರಾದವಳು. ಬೇರೆ ಮನೆಯವರು ಕರೆದುಕೊಂಡು ಹೋಗುತ್ತಿದ್ದರು. "ಬೆಳ್ಳಿ ಕಡ್ಡಿಯಂಗಿದ್ದೆಲ್ಲಪ್ಪೋ ನನ್ನಳಿಯಾ, ಬಯ್ಯೋ ಬಾಯಿಲ್ಲ, ಒಡೆಯೋ ಕೈಯಿಲ್ಲ, ನನ್ ಮಗೀನ ಊವಿನಂಗ್ ನೋಡ್ಕಂಡ್ಯಲ್ಲೋ. ಕುಡಿಯೋನ ಬುಟ್ಬುಟ್ಟು, ಕುಣಿಯೋನ ಬುಟ್ಬುಟ್ಟು, ಲೆಕ್ಕ ಬರೆಯೋ ನಿನ್ನೇ ಕರಕಂಡೋದ್ನಲ್ಲೋ ಸಿವಾ."

ಯಜಮಾನರು ನೊರೆಯ ಮುಖದಲ್ಲಿ ಬಾಗಿಲ ಹತ್ತಿರ ನಿಂತು ಇದನ್ನು ಪೂರ್ತಿ ಕೇಳಿದರು. ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ ನಮ್ಮ ಸೋದರತ್ತೆಯನ್ನು ಮೆಲ್ಲಗೆ ವಿಚಾರಿಸಿದರು.

"ಯಾರವ್ವ ತೀರ್ಕಂಡಿದ್ದು?"

"ಈ ಮನೆ ಮಗ ಕಣಪ್ಪ. ರೈಲಲ್ಲಿ ಗುಮಾಸ್ತನಾಗಿದ್ನಲ್ಲ, ಅವ್ನು."

"ರೈಲಲ್ಲಿ ಗುಮಾಸ್ತ ನಾನೇ ಅಲ್ವಾ?"

ಸೋದರತ್ತೆ ತಿರುಗಿ ನೋಡಿದಳು. ಅರ್ಧ ಬೋಳು, ಅರ್ಧ ಬಿಳಿ ನೊರೆ. ಅವಳು ಹಾಕಿದ ಕೂಗಿಗೆ ಅವ್ವನ ಹಾಡು ಅರ್ಧಕ್ಕೆ ನಿಂತಿತು. ಅವ್ವ ಕಣ್ಣು ಬಿಟ್ಟಳು, ಅಳಿಯನನ್ನು ನೋಡಿದಳು, ನನ್ನ ಹಣೆಯನ್ನು ನೋಡಿದಳು, ಕಾಸಿನಗಲದ ಕುಂಕುಮ ಇದ್ದಲ್ಲೇ ಇತ್ತು. ನನ್ನನ್ನು ಬಿಟ್ಟು ಅಳಿಯನ ಹತ್ತಿರ ಹೋಗಿ ಒಂದು ಬೆರಳಿನಿಂದ ನೊರೆ ಒರೆಸಿ, ಕೆಳಗೆ ಚರ್ಮವಿದೆಯೆ ಎಂದು ಮುಟ್ಟಿ ನೋಡಿದಳು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರಿಗೂ ನಿಲ್ಲುವ ಹಾಗಿಲ್ಲ. ಅವತ್ತು ಕೆನ್ನೆಯನ್ನೇ ಹಿಡಿದಳು.

ಗದ್ದಲಕ್ಕೆ ಮಾವನವರು ಹಿತ್ತಲಿನಿಂದ ಬಂದರು. ಬದುಕಿರುವ ಮಗನ ಹೆಸರಿನಲ್ಲಿ ಮನೆಯೊಳಗೆ ಅಳು ಎಂದು ಗೊತ್ತಾದಾಗ ಅವರ ಮುಖ ಕಪ್ಪಿಟ್ಟಿತು. ಇನ್ನು ಈ ಜನ್ಮದಲ್ಲಿ ತವರಿಲ್ಲ ಎಂದುಕೊಂಡೆ. ಅತ್ತೆ ನಡುವೆ ಬಂದು, ಬದುಕಿದ್ದಾಗ ಸತ್ತ ಸುದ್ದಿ ಹಬ್ಬಿದರೆ ಆಯುಸ್ಸು ಜಾಸ್ತಿ ಎಂದು ಸಮಾಧಾನ ಹೇಳಿದರು. ಅಪ್ಪ ಆಗಲೇ ರೇಗಿ ನಿಂತಿದ್ದ.

"ಸಾವಿನ ಸುದ್ದಿನೂ ತಿಳಿಸ್ದೆ, ಬೋಳಣೆಲಿ ಬಿಳೀ ಸೀರೆ ಉಡ್ಸಿ ಪಟ ಕಳಿಸಿದ್ರಲ್ಲ, ಇದೆಂಥ ಕುಚೇಷ್ಟೆ ಬೀಗ್ರೆ?" ಎಂದ.

ಅವ್ವ ಸೊಂಟದ ಗಂಟಿನಿಂದ ಪಟ ಬಿಚ್ಚಿ ಕೊಟ್ಟಳು. ಎಲ್ಲರೂ ಬಗ್ಗಿ ನೋಡಿದೆವು. ನಾನು ಅದನ್ನು ನೋಡುತ್ತಿರುವುದು ಆಗಲೇ ಮೊದಲು. ಸುಟ್ಟ ಮಡಕೆಯಂಥ ಕಪ್ಪು ಮುಖದ ಒಬ್ಬಳು ಹೆಂಗಸು. ಮೈತುಂಬ ಬಿಳಿ ಸೀರೆ. ಹಣೆಯಲ್ಲಿ ವಿಭೂತಿ ಬೆಳ್ಳಗೆ ಹೊಳೆಯುತ್ತಿದೆ, ಕುಂಕುಮ ಇಲ್ಲ. ಮುಡಿಯಲ್ಲಿ ಹೂವಿಲ್ಲ, ಕೈಯಲ್ಲಿ ಬಳೆಯಿಲ್ಲ, ತಾಳಿ ಸೆರಗಿನೊಳಗೆ. ಯಾರಪ್ಪ ಈ ಮುಂಡೆ ಎಂದು ಕೇಳುವುದರಲ್ಲಿದ್ದೆ, ಮೂಗು ನೋಡಿ ಬಾಯಿ ಮುಚ್ಚಿಕೊಂಡೆ.

ಎಲ್ಲರೂ ಯಜಮಾನರ ಕಡೆ ತಿರುಗಿದರು. ಅವರು ಪಟವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ನನ್ನನ್ನು ನೋಡಿದರು. ಆಮೇಲೆ ಹೇಳತೊಡಗಿದರು. ಈ ಮಾಮೂಲಿ ಫಿಲ್ಮಿಗೆ ನೀಲಿಯೊಂದೇ ಚೆನ್ನಾಗಿ ಕಾಣುವುದು, ಅದನ್ನು ಬಿಳಿ ಎಂದೇ ತಿಳಿದುಕೊಳ್ಳುತ್ತದೆ. ಕೆಂಪು, ಹಳದಿ, ಹಸಿರು ಅದಕ್ಕೆ ಬರೀ ಕತ್ತಲು. ಕುಂಕುಮ ಕತ್ತಲಾಗಿ ಅರಿಸಿನದ ಕತ್ತಲಿನಲ್ಲಿ ಸೇರಿಹೋಗಿದೆ, ಕನಕಾಂಬರ ಕೂದಲಿನಲ್ಲಿ, ಬಳೆ ಕೈಯಲ್ಲಿ. ಕೆಂಪು ದೀಪದ ಮುಂದೆ ತೊಳೆಯಬಹುದು ಅನ್ನುವುದೂ ಇದೇ ಕಾರಣಕ್ಕೇ, ನನಗೆ ಹೊಳೆಯಲಿಲ್ಲ ಎಂದರು. ಮುಖ ಅಷ್ಟು ಕಪ್ಪಾದದ್ದೇಕೆ ಎಂದು ಅತ್ತೆ ಕೇಳಿದರು. ನಾನು ನೆಲ ನೋಡುತ್ತ, ಎರಡು ಸಲ ಬಳಿದುಕೊಂಡಿದ್ದೆ ಎಂದೆ. ಅವ್ವನಿಗೆ ಚೆಂದ ಕಾಣಲಿ ಎಂದು ಬಳಿದದ್ದೆಲ್ಲ ಮಸಿಯಾಗಿ ಹೋಗಿತ್ತು.

ಅವ್ವನಿಗೆ ಈ ವಿವರಣೆ ಹಿಡಿಸಲಿಲ್ಲ. "ಅರಿಸ್ನ ಕುಂಕ್ಮ ಕಾಣ್ದಿರೋ ಕಣ್ಣೂ ಒಂದ್ ಕಣ್ಣಾ?" ಎಂದಳು.

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಕ್ಷೌರದವನೇ ಇರಬೇಕು, ಅವನಿಗೆ ನಂಟಸ್ತಿಕೆಯ ಭಯವಿಲ್ಲ. ಆಮೇಲೆ ಹೆಂಗಸರು, ಬಂದಾಗ ಅತ್ತ ರಭಸದಲ್ಲೇ ನಕ್ಕರು, ಕಣ್ಣಿನ ನೀರು ಒಣಗುವ ಮುಂಚೆಯೇ. ಮಾವನವರು ನಗಲಿಲ್ಲ. ಮಗನ ಕಡೆ ತಿರುಗಿ, ಬಣ್ಣ ತಿಳಿದ ಫಿಲ್ಮನ್ನು ಅಂಗಡಿಯವನು ತೋರಿಸಿರಲಿಲ್ಲವೇನೋ ಎಂದು ಶುರುಮಾಡಿದರು. ಅದನ್ನು ಬೇಡವೆಂದದ್ದಕ್ಕೆ ತಾವೇ ಹೊಗಳಿದ್ದು ಮರೆತುಹೋಗಿತ್ತು. ಅಪ್ಪನೂ ಒಂದು ಮಾತು ಸೇರಿಸಿದ, ಇಂಥ ಕಣ್ಣುಕುರುಡು ಫಿಲ್ಮು ತರುವವರು ಉಂಟೆ ಎಂದ. ಉಂಟ್ರಾ ಬೀಗ್ರೆ, ನೀವೇ ಯೋಳಿ ಎಂದು ಮಾವನವರು. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದುಕೊಂಡು ಬಯ್ದರು. ಎರಡು ವರ್ಷ ಮಾತು ಬಿಟ್ಟ ಇಬ್ಬರಿಗೂ ಒಟ್ಟಿಗೆ ಬಯ್ಯಲು ಒಬ್ಬ ಸಿಕ್ಕಿದ್ದ. ಯಜಮಾನರು ಒಣಗುತ್ತಿರುವ ನೊರೆಯಲ್ಲಿ ತಲೆ ತಗ್ಗಿಸಿ ಇಬ್ಬರಿಂದಲೂ ಬಯ್ಯಿಸಿಕೊಂಡರು. ಅಷ್ಟು ಚೆನ್ನಾಗಿ ಅವರು ನನಗಾಗಿ ಇನ್ನೇನನ್ನೂ ಮಾಡಿದ್ದಿಲ್ಲ.

ಬೈಗುಳ ಮುಗಿದಾಗ ಮಾವನವರು ಸುತ್ತಲೂ ನೋಡಿದರು.

"ಒಸ್ಲು ದಾಟ್ಬುಟ್ರಲ್ಲ ಬೀಗ್ರೆ," ಎಂದರು.

ಅಪ್ಪ ತನ್ನ ಕಾಲು ನೋಡಿಕೊಂಡ. ಎರಡೂ ಒಳಗೇ ಇದ್ದವು. "ಸಾವಿಗೆ ಬಂದದ್ದು ಲೆಕ್ಕಕ್ಕಿಲ್ಲ," ಎಂದ.

"ಸತ್ತೋನು ಇಲ್ಲೇ ನಿಂತವ್ನೆ."

"ಹಂಗಾರೆ ಏನ್ಕೆ ಬಂದೆ ಅನ್ಲಿ?"

ಮಾವನವರು ಮೀಸೆ ತಿರುವಿದರು, ಸ್ವಲ್ಪ ಹೊತ್ತು ತಿರುವಿದರು. "ಮಗಳ ಕರ್ಕಂಡೋಗಕ್ಕೆ ಬಂದೆ ಅನ್ನಿ. ಎರಡ್ ಗಾಡಿ ತಂದಿದ್ದೀರಿ, ಒಂದ್ರಲ್ಲಿ ಜಾಗ ಇರ್ತದೆ."

ಅಪ್ಪ ಹಾಗೆಯೇ ಅಂದ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ಕೇಳಲೂ ಇಲ್ಲ. ಅತ್ತೆ ಆಗಲೇ ಒಲೆಯ ಮುಂದೆ ಕೂತು ಸೂತಕಕ್ಕೆ ಬಂದವರಿಗೆ ಪಾಯಸ ಕಾಸುತ್ತಿದ್ದರು. ಕ್ಷೌರದವನು ಉಳಿದರ್ಧ ಮುಖ ಮುಗಿಸಿ ಪಾಯಸ ಕುಡಿದೇ ಹೋದ. ಅವ್ವನ ಹಾಡಿನಲ್ಲಿ ಬಂದ ತಮ್ಮ ಗುಣಗಳನ್ನು ಯಜಮಾನರು ಮಾತ್ರ ಅಲ್ಲಿಗೇ ಬಿಡಲಿಲ್ಲ. ಮುಂದೆ ಬದುಕಿನುದ್ದಕ್ಕೂ ನಾನು ಏನು ಬಯ್ದರೂ, ನಿಮ್ಮವ್ವನೇ ಅಷ್ಟು ಜನರ ಮುಂದೆ ನನ್ನನ್ನು ಬೆಳ್ಳಿಕಡ್ಡಿ ಅಂದಿದ್ದಾಳೆ ಅನ್ನುತ್ತಿದ್ದರು.

ಆಮೇಲೆ ಅವರು ಹೊಸ ಜಾತಿಯ ಫಿಲ್ಮನ್ನೇ ತಂದರು, ಅದರಲ್ಲಿ ಅರಿಸಿನದ ಮುಖ ಮುಖದ ಹಾಗೇ ಬರುತ್ತಿತ್ತು. ಕುಂಕುಮ ಅದರಲ್ಲೂ ಕಪ್ಪೇ. ಆದರೆ ಕಪ್ಪೋ ಕೆಂಪೋ ಕಾಣುತ್ತಿತ್ತಲ್ಲ. ಆ ಹಳೆಯ ಪಟವನ್ನು ಅವ್ವ ಅವತ್ತೇ ಒಲೆಗೆ ಹಾಕಿದಳು. ಯಜಮಾನರು ಒಲೆಯ ತನಕ ಹಿಂದೆಯೇ ಹೋಗಿ, ಯಾರೂ ಅಲುಗಾಡದೆ ಬಂದಿದ್ದು ಅದೊಂದೇ ಪಟ ಎಂದು ಬೇಡಿಕೊಂಡರು. ಅವ್ವ ಕೊಡಲಿಲ್ಲ. ಫಿಲ್ಮನ್ನೂ ಕೇಳಿ ಇಸಿದುಕೊಂಡು ಅದನ್ನೂ ಹಾಕಿದಳು. ಅದು ಬುಸ್ಸೆಂದು ಎದ್ದು ಉರಿದ ರೀತಿಗೆ, ನೋಡ್ದಾ, ಇತ್ತು ಅದರಲ್ಲಿ ಏನೋ ಎಂದು ನನ್ನ ಕಡೆ ತಿರುಗಿ ಅಂದಳು.

ಹೊತ್ತು ಇಳಿಯುವ ಮುಂಚೆ ಗಾಡಿ ಹೂಡಿದರು. ನಾನು ನನ್ನ ಗಂಟು ಕಟ್ಟಿಕೊಂಡು ಹತ್ತಿ ಕೂತೆ. ಯಜಮಾನರು ಒಳಗೆ ಹೋಗಿ ಪೆಟ್ಟಿಗೆ ತಂದರು. ಹೊಸ ಸುರುಳಿ ಹಾಕಿದ್ದೇನೆ, ಎಲ್ಲರೂ ಹೀಗೇ ಕೂತಿರಿ, ಒಂದು ಪಟ ತೆಗೆದು ಮೂಡಿಸಿ ಕಳಿಸುತ್ತೇನೆ ಎಂದರು. ಅವ್ವ ಗಾಡಿಯಿಂದ ಬಗ್ಗಿ ಪೆಟ್ಟಿಗೆಯ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು.

"ಪಟ ಕಳಿಸ್ಬ್ಯಾಡಿ ಅಳಿಯಂದ್ರೆ. ಮಗೀನೇ ಕಳಿಸ್ತಿರಿ."

ಮಾವನವರು ಹಿಂದಿನಿಂದ, ಕಳಿಸ್ತಾನೆ ಬುಡಿ ತಾಯಿ ಎಂದರು. ಅಪ್ಪ ಎತ್ತು ಹೊಡೆದ. ನಾನು ತಿರುಗಿ ನೋಡಲಿಲ್ಲ, ನನಗೆ ಮುಂದಿನ ದಾರಿ ನೋಡಿ ಎಷ್ಟೋ ದಿನವಾಗಿತ್ತು. ಅವ್ವ ನೋಡಿದಳು. ಅಳಿಯ ಇನ್ನೂ ಕಾಲಮೇಲೆ ನಿಂತಿದ್ದಾನೋ ಇಲ್ಲವೋ ಎಂದು, ಊರು ಮುಗಿದು ಹೊಳೆಯ ದಾರಿ ಹಿಡಿಯುವ ತನಕ ಗಾಡಿಯ ತಡಿಕೆ ಸರಿಸಿ ಸರಿಸಿ ನೋಡುತ್ತಲೇ ಇದ್ದಳು.